ಮಲಗಿದವರನ್ನು ಎಬ್ಬಿಸುವವರು ಯಾರು?

ಕಳೆದ ಶ್ರಾವಣದ ಒಂದು ಸೋಮವಾರ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಭಕ್ತರೊಬ್ಬರ ಮನೆಯ ಪೂಜೆಗೆ ನಾವು ಹೋಗಿದ್ದೆವು. ಪೂಜೆ ಮುಗಿದು, ಪ್ರಸಾದವಾಗಿ, ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಂದಿ ಕುಳಿತಿದ್ದರು. ಮಳೆಯ ಮಾತು, ಶೇಂಗಾ ಬೆಳೆಯ ಮಾತು, ಕೊಳವೆಬಾವಿ ಬತ್ತಿದ ಮಾತು ಎಲ್ಲವೂ ಆದವು. ಆಗ ಎಂಬತ್ತು ದಾಟಿದ ಹಿರಿಯರೊಬ್ಬರು ಕೈಮುಗಿದು ಒಂದು ಪ್ರಶ್ನೆ ಕೇಳಿದರು.

"ಬುದ್ಧೀ, ನನ್ನ ಮೊಮ್ಮಗ ಬೆಂಗಳೂರಾಗೆ ಓದ್ತಾನೆ. ಮೊನ್ನೆ ಬಂದಾಗ ಫೋನಿನಾಗೆ ಒಂದು ತೋರಿಸ್ದ. ಅಮೆರಿಕದಾಗೆ ಕೆಲವರು ಸತ್ತೋರ್ನ ಸುಡೋದೂ ಇಲ್ಲ, ಹೂಳೋದೂ ಇಲ್ಲ. ಮಂಜಿಗಿಂತ ತಣ್ಣಗಿರೋ ಹಂಡೇದಾಗೆ ಇಡ್ತಾರಂತೆ. ಇನ್ನೂರು ಮುನ್ನೂರು ವರ್ಷ ಆದ್ಮೇಲೆ ಬರೋ ಜನ ಅವರನ್ನ ಎಬ್ಬಿಸ್ತಾರಂತೆ. ಇದು ನಿಜವಾ ಬುದ್ಧಿ?"

ನಾವು ಉತ್ತರ ಹೇಳುವ ಮೊದಲೇ ಒಳಬಾಗಿಲ ಬಳಿ ಕುಳಿತಿದ್ದ ಅಜ್ಜಿಯೊಬ್ಬರು ಅಂದರು: "ಎಬ್ಬಿಸೋಕೆ ಬರುತ್ತೋ ಬಿಡುತ್ತೋ, ಆ ಕಾಲದೋರಿಗೆ ಎಬ್ಬಿಸೋ ಮನಸು ಯಾಕೆ ಬರ್ಬೇಕು? ನಾವೇನು ಅವರಿಗೆ ಬೇಕಾದೋರಾ?"

ಎಲ್ಲರೂ ನಕ್ಕರು. ನಾವು ನಗಲಿಲ್ಲ. ದೊಡ್ಡ ದೊಡ್ಡ ವಿದ್ವಾಂಸರು ಗ್ರಂಥ ಬರೆದು ಚರ್ಚಿಸುವ ವಿಷಯದ ಮರ್ಮವನ್ನು ಆ ತಾಯಿ ಒಂದೇ ಮಾತಿನಲ್ಲಿ ಹಿಡಿದಿದ್ದರು. ಅಂದು ಹೊತ್ತು ಮೀರಿದ್ದರಿಂದ ಎರಡು ಮಾತು ಹೇಳಿ ಎದ್ದು ಬಂದೆವು. ಆದರೆ ಪ್ರಶ್ನೆ ನಮ್ಮ ಜೊತೆಯಲ್ಲೇ ಬಂದಿತು. ಆದಕಾರಣ ಈ ವಾರ ಅದನ್ನೇ ಸದ್ಭಕ್ತರ ಮುಂದೆ ಇಡುತ್ತಿದ್ದೇವೆ.

ಮೊದಲು ಸಂಗತಿ ಏನೆಂಬುದನ್ನು ತಿಳಿಯೋಣ. ಹಿರಿಯರು ಕೇಳಿದ್ದು ಸುಳ್ಳಲ್ಲ. ಇದಕ್ಕೆ ಕ್ರಯೋನಿಕ್ಸ್ ಎಂದು ಹೆಸರು. ರಾಬರ್ಟ್ ಎಟ್ಟಿಂಗರ್ ಎಂಬ ಅಮೆರಿಕದ ಅಧ್ಯಾಪಕರು 1960ರ ದಶಕದಲ್ಲಿ ಒಂದು ಪುಸ್ತಕ ಬರೆದು ಈ ವಿಚಾರವನ್ನು ಜನರ ಮುಂದಿಟ್ಟರು. ಇಂದು ವಾಸಿಯಾಗದ ಕಾಯಿಲೆ ನಾಳೆ ವಾಸಿಯಾದೀತು. ಅಲ್ಲಿಯವರೆಗೆ ದೇಹವನ್ನು ಕೆಡದಂತೆ ಕಾಯ್ದಿಟ್ಟರೆ ಮುಂದಿನ ವೈದ್ಯರು ಜೀವ ತುಂಬಿಯಾರು ಎಂಬುದು ಅವರ ವಾದ. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫೋರ್ಡ್ ಎಂಬ ನಿವೃತ್ತ ಪ್ರಾಧ್ಯಾಪಕರು ಕ್ಯಾಲಿಫೋರ್ನಿಯಾದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರ ದೇಹವನ್ನು ಮೊದಲ ಬಾರಿಗೆ ಹೀಗೆ ಇಡಲಾಯಿತು. ಎಟ್ಟಿಂಗರ್ ಅವರು 2011ರಲ್ಲಿ ತೀರಿಕೊಂಡಾಗ ಅವರ ದೇಹವನ್ನೂ ಹಾಗೆಯೇ ಇಟ್ಟರು. ಇಂದು ಅರಿಜೋನಾ, ಮಿಶಿಗನ್ ಮುಂತಾದ ಕಡೆ ಸಂಸ್ಥೆಗಳಿವೆ. ಒಂದು ಸಂಸ್ಥೆ ಇಡೀ ದೇಹಕ್ಕೆ ಎರಡು ಲಕ್ಷ ಡಾಲರಿಗೂ ಮೇಲೆ ಕೇಳುತ್ತದೆ; ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೀರಿದ ಹಣ. ಇನ್ನೊಂದು ಸಂಸ್ಥೆ 28,000 ಡಾಲರಿಗೆ ಮಾಡುತ್ತದೆ. ಹೀಗೆ ಮಲಗಿರುವವರು ಎಲ್ಲ ಸೇರಿ ಕೆಲವು ನೂರು ಮಂದಿ.

ಇಡುವ ಬಗೆ ನಮ್ಮ ರೈತರಿಗೆ ಹೊಸದೇನೂ ಅಲ್ಲ. ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಮಾಡಿಸಲು ಪಶು ಆಸ್ಪತ್ರೆಗೆ ಹೋದವರು ಅಲ್ಲಿ ಹೊಗೆಯಾಡುವ ಕ್ಯಾನ್ ನೋಡಿರುತ್ತಾರೆ. ಅದರಲ್ಲಿರುವುದು ದ್ರವ ನೈಟ್ರೋಜನ್. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪು. ಹೋರಿ ಸತ್ತು ವರ್ಷಗಳಾದ ಮೇಲೂ ಅದರ ವೀರ್ಯದಿಂದ ಕರು ಹುಟ್ಟುವುದನ್ನು ನಾವು ಕಂಡಿದ್ದೇವೆ. ಅಮೆರಿಕದಲ್ಲಿ ಮನುಷ್ಯರನ್ನು ಇಡುವುದೂ ಇದೇ ದ್ರವದಲ್ಲಿ. ಕ್ಯಾನು ದೊಡ್ಡದು, ಅಷ್ಟೇ.

ಆದರೆ ಒಂದು ಹನಿ ವೀರ್ಯಕ್ಕೂ ಇಡೀ ದೇಹಕ್ಕೂ ಬಹಳ ಅಂತರವಿದೆ. ಚಿಕ್ಕದನ್ನು ಬೇಗ ತಣ್ಣಗಾಗಿಸಬಹುದು, ಬೇಗ ಬೆಚ್ಚಗಾಗಿಸಬಹುದು. ದೊಡ್ಡದರಲ್ಲಿ ಒಳಗೆ ಹರಳುಗಟ್ಟಿದ ನೀರು ಸೂಕ್ಷ್ಮವಾದ ಅಂಗಾಂಗಗಳನ್ನು ಸೀಳಿಬಿಡುತ್ತದೆ. ಹಾಗಾಗದಂತೆ ತಡೆಯಲು ರಕ್ತದ ಜಾಗದಲ್ಲಿ ಔಷಧ ತುಂಬುತ್ತಾರೆ. ಆ ಔಷಧವೂ ವಿಷವೇ. 2023ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಯ ಮೂತ್ರಪಿಂಡವನ್ನು 100 ದಿನಗಳವರೆಗೆ ಹೀಗೆ ಇಟ್ಟು, ಬೆಚ್ಚಗಾಗಿಸಿ, ಬೇರೆ ಇಲಿಗೆ ಜೋಡಿಸಿ ಅದು ಕೆಲಸ ಮಾಡುವಂತೆ ಮಾಡಿದರು. ಇದು ದೊಡ್ಡ ಸಾಧನೆ. ಆದರೆ ಇಡೀ ಇಲಿಯನ್ನಾಗಲಿ, ಮನುಷ್ಯನನ್ನಾಗಲಿ ಹೀಗೆ ಇಟ್ಟು ಎಬ್ಬಿಸಿದವರು ಇನ್ನೂ ಯಾರೂ ಇಲ್ಲ. ಮುಂದೆಯೂ ಆಗದೆಂದು ನಾವು ಹಟ ಹಿಡಿಯುವುದಿಲ್ಲ. ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವಿಜ್ಞಾನಕ್ಕೆ ಮಠವು ಅಡ್ಡ ನಿಲ್ಲಬೇಕಾಗಿಲ್ಲ. ಆಗುತ್ತದೆಂದೇ ಇಟ್ಟುಕೊಳ್ಳೋಣ. ಆಗಲೂ ಅಜ್ಜಿಯ ಪ್ರಶ್ನೆ ಹಾಗೆಯೇ ನಿಂತಿರುತ್ತದೆ: ಎಬ್ಬಿಸುವ ಮನಸ್ಸು ಯಾಕೆ ಬರಬೇಕು?

ಇದಕ್ಕೆ ಆ ಪಕ್ಷದವರು ಹೇಳುವ ಉತ್ತರವನ್ನು ಕಡೆಗಣಿಸುವಂತಿಲ್ಲ. ಅವರೆನ್ನುತ್ತಾರೆ: ಮುಂದಿನವರು ನಮಗಿಂತ ಬಲಶಾಲಿಗಳು ಮಾತ್ರವಲ್ಲ, ನಮಗಿಂತ ದಯಾವಂತರೂ ಆಗಿರುತ್ತಾರೆ. ಬಾವಿಗೆ ಬಿದ್ದವನನ್ನು ಮೇಲೆತ್ತುವಾಗ ನಾವು ಅವನ ಕುಲಗೋತ್ರ ಕೇಳುತ್ತೇವೆಯೇ? ಇವನಿಂದ ನಮಗೇನು ಲಾಭವೆಂದು ನೋಡುತ್ತೇವೆಯೇ? ಹಗ್ಗ ಸಿಕ್ಕಿದರೆ ಸಾಕು, ಇಳಿಬಿಡುತ್ತೇವೆ. ಹಾಗೆಯೇ ಮುಂದಿನವರ ಕೈಯಲ್ಲಿ ಹಗ್ಗವಿದ್ದರೆ ಅವರೂ ಇಳಿಬಿಡುತ್ತಾರೆ.

ಬಸವಾದಿ ಶರಣರು ಧರ್ಮದ ಬುಡದಲ್ಲಿ ದಯೆಯನ್ನೇ ಇಟ್ಟರು. ಆದುದರಿಂದ ದಯೆಯ ಮೇಲೆ ನಿಂತ ಈ ಮಾತನ್ನು ನಾವು ಹಗುರವಾಗಿ ತೆಗೆದುಹಾಕಲಾರೆವು. 2016ರಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮುಂದೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಕೋರಿಕೆ ಬಂದಿತ್ತು. ಕ್ಯಾನ್ಸರಿನಿಂದ ಸಾಯುತ್ತಿದ್ದ ಆ ಕೂಸು ತನ್ನ ದೇಹವನ್ನು ಹೀಗೆ ಕಾಯ್ದಿಡಬೇಕೆಂದು ಬೇಡಿತು. ಈ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರವನ್ನು ನ್ಯಾಯಾಧೀಶರು ಅವಳ ತಾಯಿಗೆ ಕೊಟ್ಟರು. ಅವಳು ತೀರಿಕೊಂಡ ಮೇಲೆ ದೇಹವನ್ನು ಅಮೆರಿಕಕ್ಕೆ ಒಯ್ದರು. ಬದುಕನ್ನೇ ನೋಡದ ಮಗು ಇನ್ನಷ್ಟು ಬದುಕಬೇಕೆಂದರೆ ಅದನ್ನು ದುರಾಸೆಯೆನ್ನಲು ನಮಗೆ ನಾಲಿಗೆ ಬರುವುದಿಲ್ಲ. ಬದುಕುವ ಆಸೆಯನ್ನು ಶಿವನೇ ಕೊಟ್ಟಿದ್ದಾನೆ. ನಮ್ಮ ವಿಚಾರ ಆ ಆಸೆಯನ್ನು ಹಳಿಯುವುದಲ್ಲ. ಆ ಆಸೆಯನ್ನು ಯಾರ ಕೈಯಲ್ಲಿ ಇಡುತ್ತಿದ್ದೇವೆ ಎಂಬುದು.

ಮುಂದಿನವರ ಮನಸ್ಸನ್ನು ಈಗಲೇ ನೋಡಲು ಸಾಧ್ಯವಿಲ್ಲ. ಆದರೆ ಒಂದು ಉಪಾಯವಿದೆ. ನಮ್ಮ ಹಿಂದೆ ಇದ್ದವರಿಗೆ ನಾವೇ ಮುಂದಿನವರಲ್ಲವೇ? ಅವರ ಕಣ್ಣಿನಲ್ಲಿ ನಾವು ಆಕಾಶದಲ್ಲಿ ಹಾರುವವರು, ಸಾವಿರ ಹರದಾರಿ ದೂರದವರೊಡನೆ ಮಾತನಾಡುವವರು. ಅಂಥ ನಾವು ನಮ್ಮ ಹಿಂದಿನವರನ್ನು ಹೇಗೆ ನಡೆಸಿಕೊಂಡೆವು ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಿತು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕ ಸಿದ್ಧಾಪುರದ ಬಳಿ ಬ್ರಹ್ಮಗಿರಿ ಇದೆ. ಅಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ತಮ್ಮ ಸತ್ತವರಿಗೆ ಚಪ್ಪಡಿಕಲ್ಲು ನಿಲ್ಲಿಸಿ ಪೆಟ್ಟಿಗೆಯಂಥ ಗೋರಿ ಮಾಡಿದರು. ಒಂದು ಬದಿಯ ಕಲ್ಲಿನಲ್ಲಿ ದುಂಡಗೆ ಕಿಂಡಿ ಕೊರೆದರು. ಒಳಗೆ ಎಲುಬುಗಳ ಜೊತೆ ಮಡಕೆ ಕುಡಿಕೆ, ಕಬ್ಬಿಣದ ಆಯುಧ ಇಟ್ಟರು. ಸತ್ತವರಿಗೆ ಮುಂದೆ ಬೇಕಾದೀತೆಂಬ ಭಾವನೆಯಿಲ್ಲದೆ ಯಾರೂ ಗೋರಿಯಲ್ಲಿ ಮಡಕೆ ಇಡುವುದಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಲ್ಲಿ ಮೊದಲು ಅಗೆಸಿದರು. ಆಮೇಲೆ 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅಗೆಸಿದರು.

ಗೋರಿ ತೆರೆದಾಗ ಮುಂದಿನವರಾದ ನಾವು ಏನನ್ನು ಕೇಳಿದೆವು? ಈ ಮಡಕೆಯ ಕಾಲ ಯಾವುದು, ಈ ಕಬ್ಬಿಣ ಎಲ್ಲಿಯದು, ಈ ಪದರದ ಮೇಲೆ ಆ ಪದರ ಹೇಗೆ ಬಂತು ಎಂದು ಕೇಳಿದೆವು. ಅದು ತಪ್ಪಲ್ಲ. ಆ ಕೆಲಸದಿಂದಲೇ ದಕ್ಷಿಣದೇಶದ ಹಳೆಯ ಚರಿತ್ರೆಗೆ ಒಂದು ಅಳತೆಗೋಲು ಸಿಕ್ಕಿತು. ಆದರೆ ಆ ಎಲುಬಿನ ಒಡೆಯ ಯಾರು, ಅವನ ಹೆಂಡತಿ ಮಕ್ಕಳು ಯಾರು, ಅವನಿಗೆ ಏನು ಬೇಕಾಗಿತ್ತು ಎಂದು ಹಂಬಲಿಸಿದವರು ಎಷ್ಟು ಮಂದಿ? ಒಬ್ಬಿಬ್ಬರ ಮನಸ್ಸು ಮರುಗಿರಲೂಬಹುದು. ಒಟ್ಟಿನಲ್ಲಿ ನಮಗೆ ಬೇಕಾದದ್ದು ಅವನ ಮಡಕೆ, ಅವನಲ್ಲ.

ಅವರಿಗೆ ಜೀವವಿರಲಿಲ್ಲ, ಎಬ್ಬಿಸಲು ಬರುತ್ತಿರಲಿಲ್ಲ, ಆದ್ದರಿಂದ ಈ ಹೋಲಿಕೆ ಸಲ್ಲದು ಎನ್ನಬಹುದು. ಹಾಗಾದರೆ ಎಬ್ಬಿಸಲು ಬಂದುದನ್ನೇ ನೋಡೋಣ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು ಎರಡು ಸಾವಿರ ವರ್ಷದ ಖರ್ಜೂರದ ಬೀಜವನ್ನು 2005ರಲ್ಲಿ ಊರಿದರು. ಅದು ಮೊಳೆತು ಮರವಾಯಿತು. ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸುಮಾರು 46,000 ವರ್ಷ ಮಲಗಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಪ್ರಯೋಗಾಲಯದಲ್ಲಿ ಎದ್ದು ಮರಿ ಮಾಡಿತೆಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಖರ್ಜೂರವನ್ನು ಎಬ್ಬಿಸಿದ್ದು ಯಾಕೆ? ಅದರ ಹಣ್ಣಿನ ಹೆಸರು ಹಳೆಯ ಗ್ರಂಥಗಳಲ್ಲಿತ್ತು, ಆ ತಳಿ ಅಳಿದುಹೋಗಿತ್ತು, ಮತ್ತೆ ಬೇಕೆನಿಸಿತು. ಹುಳುವನ್ನು ಎಬ್ಬಿಸಿದ್ದು ಯಾಕೆ? ಅಷ್ಟು ಕಾಲ ಅದು ಹೇಗೆ ತಡೆದುಕೊಂಡಿತೆಂಬ ಕುತೂಹಲಕ್ಕೆ. ಒಂದನ್ನು ಎಬ್ಬಿಸಿದ್ದು ಅಗತ್ಯ, ಇನ್ನೊಂದನ್ನು ಎಬ್ಬಿಸಿದ್ದು ಕುತೂಹಲ. ಆ ಹುಳುವಿನ ಮೇಲಿನ ಪ್ರೀತಿಯಿಂದ ಯಾರೂ ಅದನ್ನು ಎಬ್ಬಿಸಲಿಲ್ಲ.

ಕುತೂಹಲದಿಂದ ಎಬ್ಬಿಸುವುದಾದರೆ ಮೊದಲು ಎದ್ದವನಿಗೆ ಮೆರವಣಿಗೆಯಾದೀತು. ಊರಿಗೆ ಕರಡಿ ಆಡಿಸುವವನು ಬಂದಾಗ ಮಕ್ಕಳು ಹಿಂದೆ ಓಡುತ್ತಿದ್ದಂತೆ ಜನ ಓಡಿಯಾರು. ಹತ್ತನೆಯವನಿಗೆ ಹತ್ತು ಜನ ಬಂದಾರು. ನೂರನೆಯವನನ್ನು ಯಾರು ಕೇಳುತ್ತಾರೆ? ಅಗತ್ಯದಿಂದ ಎಬ್ಬಿಸುವುದಾದರೆ, ನಮ್ಮ ಯಾವ ವಿದ್ಯೆ ಅವರಿಗೆ ತಿಳಿಯದ್ದಾಗಿರುತ್ತದೆ? ಉಳಿಯುವುದು ದಯೆ ಒಂದೇ.

ಈಗ ಬಾವಿಯ ದೃಷ್ಟಾಂತಕ್ಕೆ ಬರೋಣ. ಬಾವಿಯಿಂದ ಮೇಲೆತ್ತಿದವನು ಮೈ ಒರೆಸಿಕೊಂಡು ಮನೆಗೆ ಹೋಗುತ್ತಾನೆ. ಮನೆಯಲ್ಲಿ ಅವನಿಗಾಗಿ ಬಿಸಿನೀರು ಕಾಯುತ್ತಿರುತ್ತದೆ. ಮುನ್ನೂರು ವರ್ಷದ ಮೇಲೆ ಎದ್ದವನು ಎಲ್ಲಿಗೆ ಹೋಗಬೇಕು? ಅವನಿಗೆ ಮಾತು ಕಲಿಸಬೇಕು, ಊಟ ಕಲಿಸಬೇಕು, ದಾರಿ ದಾಟುವುದನ್ನೂ ಕಲಿಸಬೇಕು. ಹಗ್ಗ ಇಳಿಬಿಡುವ ದಯೆ ಒಂದು ಗಳಿಗೆಯದು. ಕೈಹಿಡಿದು ನಡೆಸುವ ದಯೆ ಜೀವಮಾನದ್ದು. ಮೊದಲನೆಯದು ದಾರಿಹೋಕರಲ್ಲಿ ಸಿಗುತ್ತದೆ. ಎರಡನೆಯದು ತನ್ನವರೆಂಬುವರಲ್ಲಿ ಮಾತ್ರ ಸಿಗುತ್ತದೆ.

ಹಿಂದೊಮ್ಮೆ ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಕಣ್ಣಾರೆ ಕಂಡದ್ದು ನೆನಪಾಗುತ್ತದೆ. ಬರಗಾಲದಲ್ಲಿ ಕಾಫಿ ತೋಟದ ಕೂಲಿಗೆಂದು ಮಲೆನಾಡಿಗೆ ಹೋದ ಹುಡುಗನೊಬ್ಬ ಮೂವತ್ತು ವರ್ಷ ಬಿಟ್ಟು, ತಲೆ ನರೆತ ಮೇಲೆ, ಊರಿಗೆ ಹಿಂತಿರುಗಿದ. ಅಪ್ಪ ಅವ್ವ ಇರಲಿಲ್ಲ. ಮನೆ ಬಿದ್ದು ಜಾಲಿ ಬೆಳೆದಿತ್ತು. ಒಂದೊಂದೇ ಬಾಗಿಲಲ್ಲಿ ನಿಂತು ತಾನು ಇಂಥವರ ಮಗನೆಂದು ಹೇಳಿದ. ಜನ ನೀರು ಕೊಟ್ಟರು, ಕೂರಿಸಿದರು, ಗುರುತು ಹಿಡಿಯಲಿಲ್ಲ. ಕೊನೆಗೆ ಕಣ್ಣು ಮಂಜಾದ ಮುದುಕಿಯೊಬ್ಬಳು ಅವನ ದನಿ ಕೇಳಿ, ಅವನ ತಾಯಿಯ ಹೆಸರು ಹೇಳಿ, "ಅವಳ ಮಗನೇನೋ? ಬಾರೋ ಒಳಗೆ" ಎಂದಳು. ಆ ಗಂಡಸು ಹೊಸ್ತಿಲ ಮೇಲೆ ಕುಸಿದು ಅತ್ತ. ಮೂವತ್ತು ವರ್ಷಕ್ಕೇ ಹೀಗಾದರೆ ಮುನ್ನೂರು ವರ್ಷಕ್ಕೆ ಹೇಗಾದೀತು? ಊರೆಲ್ಲ ಸೇರಿ ಅವನಿಗೆ ನೀರು ಕೊಟ್ಟಿತು, ಅದು ದಯೆ. ಆದರೆ ಅವನು ಊರಿಗೆ ಬಂದದ್ದು ಆ ಮುದುಕಿ ಬಾರೋ ಎಂದಾಗ.

ಇದು ಬರಿಯ ಹಳ್ಳಿಯ ಕಥೆಯೆಂದು ತಿಳಿಯಬೇಡಿ. ಆ ಮಂಜಿನ ಹಂಡೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ದ್ರವ ನೈಟ್ರೋಜನ್ ಆರಿಹೋಗುವ ವಸ್ತು. ಕಾಲಕಾಲಕ್ಕೆ ತುಂಬುತ್ತಲೇ ಇರಬೇಕು. ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್ ಎಂಬಲ್ಲಿ ಸ್ಮಶಾನದ ನೆಲಮಾಳಿಗೆಯೊಂದರಲ್ಲಿ ಹೀಗೆ ಇಟ್ಟಿದ್ದ ಒಂಬತ್ತು ದೇಹಗಳು, ಹಣವೂ ಆಸ್ಥೆಯೂ ಬತ್ತಿ, ಕರಗಿ ಕೆಟ್ಟುಹೋದವು. ಅದು ಬಯಲಾದದ್ದು 1979ರಲ್ಲಿ. 1973ಕ್ಕೂ ಮೊದಲು ಇಟ್ಟವರ ಪೈಕಿ ಇಂದಿಗೂ ಉಳಿದಿರುವುದು ಮೊದಲಿಗರಾದ ಬೆಡ್‌ಫೋರ್ಡ್ ಅವರ ದೇಹ ಒಂದೇ. ಅದು ಉಳಿದದ್ದು ಹೇಗೆ? ಅವರ ಹೆಂಡತಿ ಮತ್ತು ಮಗ ಅದನ್ನು ಪರರ ಪಾಲಿಗೆ ಬಿಡಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರು, ಖರ್ಚು ಹೊತ್ತರು. ಕೆಲವು ವರ್ಷ ತಾವೇ ನೈಟ್ರೋಜನ್ ತುಂಬಿಸಿ ಕಾಯ್ದರು. 1982ರಲ್ಲಿ ಸಂಸ್ಥೆಯ ವಶಕ್ಕೆ ಕೊಟ್ಟರು. ಹೆಪ್ಪುಗಟ್ಟಿದ ದೇಹವನ್ನು ಕೂಡ ಅಷ್ಟು ದಿನ ಉಳಿಸಿದ್ದು ಋಣಾನುಬಂಧವೇ. ಆ ಹೆಂಡತಿ ಮಗನ ಕಾಲ ಮುಗಿದ ಮೇಲೆ ಬರುವವರಿಗೆ ಅವರು ಯಾರು?

ಆದ್ದರಿಂದ ಅಜ್ಜಿಯ ಪ್ರಶ್ನೆಗೆ ನಮ್ಮ ಅಭಿಪ್ರಾಯ ಇದು. ಶಕ್ತಿ ಬೆಳೆದ ಮಾತ್ರಕ್ಕೆ ಮನಸ್ಸು ಬರುವುದಿಲ್ಲ. ಬೇಕೆನ್ನುವ ಮನಸ್ಸು ಹುಟ್ಟುವುದು ನಂಟಿನಿಂದ. ದೇಹವನ್ನು ಹೆಪ್ಪುಗಟ್ಟಿಸಬಹುದು, ನಂಟನ್ನು ಹೆಪ್ಪುಗಟ್ಟಿಸಲು ಬರುವುದಿಲ್ಲ. ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ, ಬದುಕಿರುವಾಗಲೇ ದಾಟಬೇಕು. ಮುಂದಿನವರು ನಿಜವಾಗಿ ಮಹಾತ್ಮರೇ ಆಗಿದ್ದರೆ ಎಬ್ಬಿಸಿದರೂ ಎಬ್ಬಿಸಿಯಾರು, ಅದನ್ನು ಅಲ್ಲಗಳೆಯುವಷ್ಟು ನಾವು ತಿಳಿದವರಲ್ಲ. ಆದರೆ ಎದುರಿಗಿರುವ ಬಾಳನ್ನು ಬಿಟ್ಟು ಆ ಎಚ್ಚರದ ಮೇಲೆ ಲೆಕ್ಕ ಇಡುವುದು ಬೀಜ ಬಿತ್ತದೆ ಕಣ ಸಾರಿಸಿದಂತೆ.

ಇಲ್ಲಿ ಒಬ್ಬರು ಕೇಳಬಹುದು: ಸ್ವಾಮೀಜಿ, ನಮ್ಮಲ್ಲೂ ಗದ್ದುಗೆಗಳಿವೆಯಲ್ಲ? ಗುರುಗಳು ಒಳಗೆ ಕೂತೇ ಇದ್ದಾರೆಂದು ನಂಬುತ್ತೇವಲ್ಲ? ನ್ಯಾಯವಾದ ಪ್ರಶ್ನೆ. ಪಂಜಾಬಿನ ನೂರ್‌ಮಹಲಿನಲ್ಲಿ ಅಶುತೋಷ್ ಮಹಾರಾಜರೆಂಬ ಗುರುಗಳು 2014ರ ಜನವರಿಯಲ್ಲಿ ತೀರಿಕೊಂಡರೆಂದು ವೈದ್ಯರು ಹೇಳಿದಾಗ, ಅವರು ಸಮಾಧಿ ಸ್ಥಿತಿಯಲ್ಲಿದ್ದಾರೆ, ಮರಳಿ ಬರುತ್ತಾರೆ ಎಂದು ಶಿಷ್ಯರು ದೇಹವನ್ನು ಶೀತಪೆಟ್ಟಿಗೆಯಲ್ಲಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಅಂತ್ಯಸಂಸ್ಕಾರಕ್ಕೆ ಆದೇಶಿಸಿತು. 2017ರ ಜುಲೈನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿ ದೇಹವನ್ನು ಕಾಯ್ದಿಡಲು ಅವಕಾಶ ಕೊಟ್ಟಿತು. ಅವರ ನಂಬಿಕೆಯನ್ನು ನಾವು ತೂಗುವುದಿಲ್ಲ. ಗುರು ತಾನೇ ಏಳುತ್ತಾನೆಂಬ ನಂಬಿಕೆ ಒಂದು. ಪರರು ಬಂದು ನನ್ನನ್ನು ಎಬ್ಬಿಸಲೆಂಬ ನಿರೀಕ್ಷೆ ಇನ್ನೊಂದು. ನಮ್ಮ ಪರಂಪರೆಯ ದಾರಿ ಈ ಎರಡೂ ಅಲ್ಲ.

ವೀರಶೈವರಲ್ಲಿ ದೇಹವನ್ನು ಮಣ್ಣಿಗೆ ಒಪ್ಪಿಸುವುದು ವಾಡಿಕೆ. ಕೂರಿಸಿ, ವಿಭೂತಿ ಧರಿಸಿ, ಕೈಯಲ್ಲಿ ಲಿಂಗವಿರಿಸಿ ಒಪ್ಪಿಸುತ್ತೇವೆ. ಮರಳಿ ಕೊಡು ಎಂದು ಮಣ್ಣನ್ನು ಕೇಳುವುದಿಲ್ಲ. ಹೋದವರು ಲಿಂಗೈಕ್ಯರಾದರೆಂದು ಹೇಳುತ್ತೇವೆ. ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿದರು ಎಂದೇ ಅದರ ಅರ್ಥ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಐಕ್ಯಸ್ಥಳವಾದ ಹೊರಮಠಕ್ಕೆ ನೀವೆಲ್ಲ ಹೋಗಿದ್ದೀರಿ. ಫಾಲ್ಗುಣದ ರಥಕ್ಕೆ ಜನಸಾಗರವೇ ಸೇರುತ್ತದೆ, ಕೊಬ್ಬರಿ ಸುಡುತ್ತದೆ. ಅಷ್ಟು ಜನರಲ್ಲಿ ಒಬ್ಬರಾದರೂ ಸ್ವಾಮಿ ಎದ್ದು ಬರಲೆಂದು ಕಾಯುತ್ತಾರೆಯೇ? ಅವರು ಕಟ್ಟಿಸಿದ ಕೆರೆಗಳಿವೆ. ಮಾಡಿದಷ್ಟು ನೀಡು ಭಿಕ್ಷೆ ಎಂದು ಅವರು ಹೇಳಿದ ಮಾತಿದೆ. ಒಳ್ಳೆಯ ಮಳೆಗೆ ಕೆರೆ ತುಂಬಿದಾಗ ಜನ ಆ ಹೆಸರನ್ನು ನೆನೆಯುತ್ತಾರೆ. ಮಲಗಿದವರನ್ನು ಎಬ್ಬಿಸಲು ಅವರಿಗೆ ಯಾವ ಯಂತ್ರವೂ ಬೇಕಾಗಿಲ್ಲ.

ಇತ್ತೀಚಿನವರನ್ನೇ ನೋಡಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಊಟವಾದ ಮೇಲೆಯೇ ಸುದ್ದಿ ತಿಳಿಸಬೇಕೆಂದು ಅವರು ಮೊದಲೇ ಹೇಳಿದ್ದರೆಂದು ಅಂದು ಪತ್ರಿಕೆಗಳು ಬರೆದವು. ಮುಂದಿನ ಕಾಲದಿಂದ ಅವರು ತಮಗಾಗಿ ಏನನ್ನೂ ಬೇಡಲಿಲ್ಲ. ಮುಂದಿನ ತುತ್ತು ಮಕ್ಕಳದಾಗಲಿ ಎಂದರು. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ದೇಹವನ್ನು ಕೆಡದಂತೆ ಕಾಯ್ದಿಟ್ಟರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ, ಅಂಗರಚನೆಯನ್ನು ಬೋಧಿಸುವ ಅವರ ಮಗನೇ ವಿದ್ಯಾರ್ಥಿಗಳ ಮುಂದೆ ಆ ದೇಹವನ್ನು ತೆರೆದು ಪಾಠ ಹೇಳಿದರು. ದೇಹ ಕಾಯ್ದಿಡುವುದೆಂದರೆ ಹೀಗೂ ಇದೆ. ಅಮೆರಿಕದವರು ತಮ್ಮನ್ನು ಎಬ್ಬಿಸಲೆಂದು ಕಾಯ್ದಿಟ್ಟರು; ನಮ್ಮ ಈ ಹಿರಿಯರು ಇನ್ನೊಬ್ಬರ ಕಣ್ಣು ತೆರೆಯಲೆಂದು ಕಾಯ್ದಿಟ್ಟರು. ವರನಟ ಡಾ. ರಾಜಕುಮಾರ್ 2006ರಲ್ಲಿ ಕಣ್ಣು ದಾನ ಮಾಡಿ ಹೋದರು. 2021ರಲ್ಲಿ ಅವರ ಮಗ ಪುನೀತ್ ಅಕಾಲದಲ್ಲಿ ಹೋದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಸತ್ತ ಮೇಲೆ ಏನಾದರೂ ಮತ್ತೆ ಎದ್ದೇಳಬೇಕೆಂಬ ಆಸೆಯಿರುವವರಿಗೆ ಇದಕ್ಕಿಂತ ಹತ್ತಿರದ ದಾರಿ ಯಾವುದಿದೆ?

ಬ್ರಹ್ಮಗಿರಿಗೆ ಇನ್ನೊಮ್ಮೆ ಹೋಗಿಬರೋಣ. ಆ ಗೋರಿಗಳ ಹತ್ತಿರದಲ್ಲೇ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸಾವಿರಾರು ವರ್ಷ ದನ ಕಾಯುವವರು ಅದರ ಮೇಲೆ ಕೂತೆದ್ದರೂ ಅದರ ಮಾತು ಯಾರಿಗೂ ಕೇಳಿಸಿರಲಿಲ್ಲ. ಓದಿ ನೋಡಿದರೆ ಒಳಗೆ ಇದ್ದುದೇನು? ತಂದೆತಾಯಿಗಳ ಸೇವೆ ಮಾಡಬೇಕು, ಗುರುಹಿರಿಯರನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಬೋಧೆ. ಕೊನೆಯಲ್ಲಿ ಬರೆದವನು ಚಪಡ ಎಂದು ಲಿಪಿಕಾರನ ಹೆಸರಿದೆ. ಗೋರಿಯಲ್ಲಿ ಮಡಕೆಯ ಜೊತೆ ಮಲಗಿದವರ ಹೆಸರು ನಮಗೆ ಗೊತ್ತಿಲ್ಲ. ಪರರಿಗೆ ಬೇಕಾದ ಮಾತನ್ನು ಕಲ್ಲಿನಲ್ಲಿ ಬರೆದ ಚಪಡನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳ ಮೇಲೂ ನಮ್ಮ ಬಾಯಲ್ಲಿದೆ.

ತಂದೆತಾಯಿಗಳ ಸೇವೆ ಎಂಬ ಮಾತು ಅಲ್ಲಿ ಮೊದಲು ಬಂದಿರುವುದನ್ನು ಗಮನಿಸಬೇಕು. ಯಾಕೆಂದರೆ ನಾವು ಕೇಳಬೇಕಾದ ಪ್ರಶ್ನೆ ಮುನ್ನೂರು ವರ್ಷ ಮುಂದಿನದಲ್ಲ, ಇಂದಿನದು. ಸತ್ತವರನ್ನು ಮುಂದಿನವರು ಎಬ್ಬಿಸುತ್ತಾರೋ ಇಲ್ಲವೋ. ಬದುಕಿರುವ ಹಿರಿಯರನ್ನು ಇಂದಿನವರು ಮಾತನಾಡಿಸುತ್ತಿದ್ದೇವೆಯೇ? ನಮ್ಮ ಹಳ್ಳಿಗಳಲ್ಲಿ ಮನೆಗೊಬ್ಬರು ಇಬ್ಬರು ಮುದುಕರು ಉಳಿದಿದ್ದಾರೆ. ಮಕ್ಕಳು ಬೆಂಗಳೂರು, ಬಳ್ಳಾರಿ, ದಾವಣಗೆರೆ ಸೇರಿದ್ದಾರೆ. ಹೊಟ್ಟೆಪಾಡು, ತಪ್ಪೆನ್ನಲಾಗದು. ತಿಂಗಳಿಗಿಷ್ಟು ಹಣ ಬರುತ್ತದೆ, ಮಾತ್ರೆ ಬರುತ್ತದೆ. ಹಂಡೆಗೆ ನೈಟ್ರೋಜನ್ ತುಂಬಿದಂತೆ ಎಲ್ಲವೂ ಲೆಕ್ಕವಾಗಿ ಬರುತ್ತದೆ. ದೇಹ ಕೆಡದಂತೆ ಇದೆ. ಅಪ್ಪಾ ಎಂದು ಕರೆದು ಪಕ್ಕದಲ್ಲಿ ಕೂರುವವರು ಬರುವುದಿಲ್ಲ. ಉಸಿರಾಡುತ್ತಿರುವವರನ್ನೇ ಎಬ್ಬಿಸುವ ಮನಸ್ಸಿಲ್ಲದ ಮನೆತನದಲ್ಲಿ ಹುಟ್ಟುವ ಮೊಮ್ಮಕ್ಕಳ ಮೊಮ್ಮಕ್ಕಳು ಮಂಜಿನಲ್ಲಿ ಮಲಗಿದವರನ್ನು ಎಬ್ಬಿಸಿಯಾರೆಂದು ಹೇಗೆ ನಂಬುವುದು? ಅಂಥ ಮನಸ್ಸು ಮುಂದೆ ಬರಬೇಕಾದರೆ ಅದರ ಬೀಜ ಇಂದು ನಮ್ಮ ಪಡಸಾಲೆಯಲ್ಲೇ ಬೀಳಬೇಕು.

ಹಿರಿಯರಿಗೂ ಒಂದು ಮಾತು. ನಮ್ಮನ್ನು ಯಾರೂ ಕೇಳುವುದಿಲ್ಲವೆಂದು ಬಾಗಿಲು ಹಾಕಿಕೊಳ್ಳಬೇಡಿ. ನಿಮ್ಮ ಹೊಲಗಳಿಗೆ ಯಾವ ಯಾವ ಹೆಸರಿತ್ತು, ಯಾವ ಬಾವಿ ಯಾರು ತೋಡಿಸಿದ್ದು, ಬರದ ವರ್ಷ ಯಾರ ಮನೆಯ ಹಗೇವಿನ ಕಾಳು ಯಾರ ಹೊಟ್ಟೆಗೆ ಹೋಯಿತು, ಇವನ್ನೆಲ್ಲ ಹೇಳದೆ ಕೊಂಡೊಯ್ಯಬೇಡಿ. ಕೇಳುವವರಿಲ್ಲದಿದ್ದರೆ ಕರೆದು ಕೂರಿಸಿ ಹೇಳಿ. ಆಸ್ತಿಯ ಪಾಲು ಬರೆಯುವ ದಿನ ಕಣ್ಣುದಾನದ ಕಾಗದಕ್ಕೂ ರುಜು ಹಾಕಿ. ಮಕ್ಕಳ ಮೇಲಿನ ಹಳೆಯ ಮುನಿಸಿದ್ದರೆ ಈ ಶಿವರಾತ್ರಿಗೆ ಅದನ್ನು ಬಿಟ್ಟುಬಿಡಿ.

ಕೊಂಡ್ಲಹಳ್ಳಿಯ ಮಾತನ್ನು ಪೂರ್ತಿ ಹೇಳಿಲ್ಲ. ಅಂದು ನಾವು ಹೊರಟಾಗ ಆ ಹಿರಿಯರು ಬೀದಿಬಾಗಿಲವರೆಗೆ ಬಂದರು. ಯಾರಿಗೂ ಕೇಳಿಸದಂತೆ ಮೆಲ್ಲಗೆ ಹೇಳಿದರು: "ಮೊಮ್ಮಗ ಎರಡು ದಿನ ಇದ್ದ ಬುದ್ಧಿ. ಫೋನಿನಾಗೆ ಇದನ್ನ ತೋರ್ಸೋವಾಗ ಮಾತ್ರ ನನ್ನ ಪಕ್ಕ ಬಂದು ಕೂತಿದ್ದ."

ಆಗ ನಮಗೆ ತಿಳಿಯಿತು. ಅವರು ಅಮೆರಿಕದ ಸುದ್ದಿ ನಿಜವೋ ಸುಳ್ಳೋ ಎಂದು ಕೇಳಿರಲಿಲ್ಲ. ಮೊಮ್ಮಗ ಹೇಳಿದ ಒಂದೇ ಮಾತನ್ನು ಕಾಪಿಟ್ಟುಕೊಂಡು ಅದನ್ನು ನಾಲ್ಕು ಜನರ ಮುಂದೆ ಆಡಿ ನೋಡಿದ್ದರು.

ಆ ಹುಡುಗನಿಗೆ ಹೇಳಿಕಳಿಸಿದ್ದೇವೆ. ಮುಂದಿನ ಸಲ ಊರಿಗೆ ಬಂದಾಗ ತಾತನನ್ನು ಕರೆದುಕೊಂಡು ಬ್ರಹ್ಮಗಿರಿಗೆ ಹೋಗಿ ಬಾ, ಚಪಡನ ಹೆಸರು ಕೆತ್ತಿದ ಕಲ್ಲನ್ನು ಇಬ್ಬರೂ ನೋಡಿ ಬನ್ನಿ, ದಾರಿಯುದ್ದಕ್ಕೂ ಯಾವ ಹೊಲ ಯಾರದೆಂದು ತಾತನನ್ನು ಕೇಳು ಎಂದು. ಹೋಗುತ್ತೇವೆಂದು ಉತ್ತರ ಬಂದಿದೆ. ಶಿವನು ಅವರಿಬ್ಬರಿಗೂ ಆ ದಾರಿಯನ್ನು ತೋರಲಿ.